ಸಿಗದಿದ್ದರ ಲೆಕ್ಕ: ನಡೆದಾಡಿ ಹಿಡಿಯುವ ಆಟಗಳಲ್ಲಿ ಅಪರೂಪವನ್ನು ಅಳೆಯುವುದು

ಬೀದಿಯಲ್ಲಿ ನಡೆದಾಡಿ ಫೋನಿನಲ್ಲಿ ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿಯುವ ಆಟವಾದ ಪೋಕೆಮಾನ್ ಗೋ ಆಡುವವರ ಯಾವ ಗುಂಪಿಗೆ ಹೋದರೂ ಸ್ಕ್ರೀನ್‌ಶಾಟ್‌ಗಳಿಗೆ ಬರವಿಲ್ಲ. ಶೈನಿ (ಬೇರೆ ಬಣ್ಣದ ಅಪರೂಪದ್ದು) ಸಿಕ್ಕಿತು, ಹಂಡೋ (ಬಲದ ಮೂರೂ ಅಂಕಿ ಪೂರ್ತಿ ಇರುವುದು) ಸಿಕ್ಕಿತು, ಹತ್ತು ಕಿಲೋಮೀಟರ್ ನಡೆದರೆ ಒಡೆಯುವ ಮೊಟ್ಟೆಯಿಂದ ಇಂಥದ್ದು ಬಂತು. ಪರದೆಯಲ್ಲಿ ಎಷ್ಟನ್ನು ಮುಟ್ಟಿ ನೋಡಿದ ಮೇಲೆ ಸಿಕ್ಕಿದ್ದು ಅಂತ ಕೇಳಿದರೆ ಮಾತ್ರ ಗುಂಪು ಗಪ್‌ಚುಪ್. ಭಿನ್ನರಾಶಿಯ ಮೇಲಿನ ಅಂಕಿ ಎಲ್ಲರ ಹತ್ತಿರವೂ ಇದೆ, ಕೆಳಗಿನದು ಯಾರ ಹತ್ತಿರವೂ ಇಲ್ಲ. ಅಪರೂಪವನ್ನು ಅಳೆಯುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕೆಳಗಿನ ಅಂಕಿಯನ್ನು ಶಿಸ್ತಾಗಿ ಬರೆದಿಡುವುದೇ. ಉಳಿದದ್ದು ಭಾಗಾಕಾರ.

ಕಂಪನಿಯೇ ಅಂಕಿ ಕೊಟ್ಟಿದ್ದರೆ ಈ ಪಾಡು ಬೇಕಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳುವ, ಒಳಗೇನಿದೆ ಮೊದಲೇ ಗೊತ್ತಾಗದ ಲೂಟ್ ಬಾಕ್ಸ್‌ಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಮೊದಲೇ ತೋರಿಸಬೇಕು ಅಂತ ಆಪಲ್ 2017ರ ಡಿಸೆಂಬರ್‌ನಲ್ಲಿ, ಗೂಗಲ್ ಪ್ಲೇ 2019ರಲ್ಲಿ ನಿಯಮ ತಂದವು. ದಾರಿಯಲ್ಲಿ ಪುಕ್ಕಟೆ ಕಾಣಿಸಿಕೊಳ್ಳುವ ಪೋಕೆಮಾನ್‌ಗೆ, ಅಂದರೆ ಸ್ಪಾನ್‌ಗೆ, ಆ ನಿಯಮ ತಾಗುವುದಿಲ್ಲ. 2021ರಿಂದ ಮೊಟ್ಟೆಯನ್ನು ಒತ್ತಿದರೆ ಅದರೊಳಗೆ ಏನೇನು ಇರಬಹುದು ಎಂಬ ಪಟ್ಟಿ ಬರುತ್ತದೆ, ಜೊತೆಗೆ ಒಂದರಿಂದ ಐದರವರೆಗೆ ಮೊಟ್ಟೆ ಚಿಹ್ನೆಗಳು. ಯಾವುದಕ್ಕಿಂತ ಯಾವುದು ಅಪರೂಪ ಅನ್ನುವುದು ಅದರಿಂದ ತಿಳಿಯುತ್ತದೆ. ಎಷ್ಟು ಪಟ್ಟು ಅನ್ನುವುದು ತಿಳಿಯುವುದಿಲ್ಲ.

ಹಾಗಾಗಿ ಈಗ ಚಾಲ್ತಿಯಲ್ಲಿರುವ ಅಂಕಿಗಳೆಲ್ಲ ಆಟಗಾರರೇ ಎಣಿಸಿ ತೆಗೆದ ಅಂದಾಜುಗಳು. ಸ್ವಯಂಸೇವಕರನ್ನು ಕಟ್ಟಿಕೊಂಡು ಈ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡುತ್ತಿದ್ದ ಸಿಲ್ಫ್ ರೋಡ್ ಎಂಬ ಜಾಲತಾಣ 2023ರಲ್ಲಿ ಮುಚ್ಚಿತು. ಆಮೇಲೆ ಸಣ್ಣ ಸಣ್ಣ ಗುಂಪುಗಳು ತಮ್ಮ ತಮ್ಮ ಶೀಟ್ ಇಟ್ಟುಕೊಂಡು ಎಣಿಸುತ್ತಿವೆ. ಅಂಥ ಶೀಟ್ ಕೆಡುವುದು ಎಲ್ಲೆಲ್ಲಿ, ಕೆಡದಂತೆ ನೋಡಿಕೊಳ್ಳುವುದು ಹೇಗೆ ಅನ್ನುವುದಷ್ಟೇ ಈ ಬರಹದ ವಿಷಯ.

ಎರಡು ಅಪರೂಪಗಳನ್ನು ಕಲಸಬೇಡಿ

ಒಂದು, ಆ ಜಾತಿ ಮ್ಯಾಪ್‌ನಲ್ಲಿ ಕಾಣಿಸಿಕೊಳ್ಳುವುದೇ ಅಪರೂಪ. ಇನ್ನೊಂದು, ಕಾಣಿಸಿಕೊಂಡದ್ದನ್ನು ಮುಟ್ಟಿದಾಗ ಅದು ಶೈನಿ ಆಗಿರುವುದು ಅಪರೂಪ. ಇವೆರಡಕ್ಕೂ ಛೇದ, ಅಂದರೆ ಭಿನ್ನರಾಶಿಯ ಕೆಳಗಿನ ಅಂಕಿ, ಬೇರೆ ಬೇರೆ. ಮೊದಲನೆಯದಕ್ಕೆ ಛೇದ ನೀವು ನೋಡಿದ ಒಟ್ಟು ಸ್ಪಾನ್‌ಗಳು. ಎರಡನೆಯದಕ್ಕೆ ಅದೇ ಜಾತಿಯಲ್ಲಿ ನೀವು ಮುಟ್ಟಿ ನೋಡಿದವು ಮಾತ್ರ.

ಕಲಸಿದರೆ ಏನಾಗುತ್ತದೆ ಅನ್ನುವುದಕ್ಕೆ ಆಟದಲ್ಲೇ ಉದಾಹರಣೆ ಇದೆ. ಸಾಮಾನ್ಯ ಜಾತಿಗಳ ಶೈನಿ ಪ್ರಮಾಣ ಸುಮಾರು 500ಕ್ಕೆ ಒಂದು. 512 ಅಂತಲೂ ಬರೆಯುತ್ತಾರೆ. ಕಣ್ಣಿಗೆ ಬೀಳುವುದೇ ಕಡಿಮೆ ಇರುವ ಕೆಲವು ಜಾತಿಗಳಿಗೆ, ಆಟಗಾರರು ಪರ್ಮಾಬೂಸ್ಟ್ ಅನ್ನುವ ಗುಂಪಿಗೆ, ಅದು ಸುಮಾರು 64ಕ್ಕೆ ಒಂದು. ಕಾಣುವುದು ಅಪರೂಪ, ಕಂಡರೆ ಶೈನಿ ಸಲೀಸು. ಇಂಥ ಜಾತಿಯ ಶೈನಿಯನ್ನು ಯಾರೂ ತೋರಿಸುತ್ತಿಲ್ಲ ಎಂಬ ಕಾರಣಕ್ಕೆ ‘ಇದರ ಶೈನಿ ರೇಟ್ ತೀರಾ ಕಡಿಮೆ’ ಅಂತ ಗುಂಪಿನಲ್ಲಿ ತೀರ್ಮಾನವಾಗಿಬಿಡುತ್ತದೆ. ಅದು ಉಲ್ಟಾ. ಒಂದೇ ಜಾತಿ ಕೆಲವು ಗಂಟೆ ತುಂಬಿ ಬರುವ ಕಮ್ಯುನಿಟಿ ಡೇಯಲ್ಲಿ ಸುಮಾರು 25ಕ್ಕೆ ಒಂದು, ಹಲವರು ಸೇರಿ ಬಲಶಾಲಿ ಬಾಸ್ ಒಂದನ್ನು ಸೋಲಿಸುವ ಲೆಜೆಂಡರಿ ರೇಡ್‌ನಲ್ಲಿ ಸುಮಾರು 20ಕ್ಕೆ ಒಂದು ಎಂಬ ಅಂದಾಜುಗಳೂ ಇದೇ ಸಾಲಿಗೆ ಸೇರಿದವು. ಒಂದೇ ಜಾತಿ ಕಾಡಿನಲ್ಲಿ (ಅಂದರೆ ಮ್ಯಾಪ್‌ನಲ್ಲಿ ತಾನಾಗಿ), ರೇಡ್‌ನಲ್ಲಿ, ಮೊಟ್ಟೆಯಲ್ಲಿ ಬೇರೆ ಬೇರೆ ಪ್ರಮಾಣದಲ್ಲಿ ಬರುವುದರಿಂದ ಎಲ್ಲಿಂದ ಬಂತು ಅನ್ನುವ ಕಾಲಂ ಇಲ್ಲದ ಶೀಟ್ ನಿರುಪಯೋಗಿ.

ಪ್ರಾದೇಶಿಕ ಜಾತಿಗಳನ್ನು ಈ ಲೆಕ್ಕದಿಂದ ಪೂರ್ತಿ ಹೊರಗಿಡಿ. ಟೌರೋಸ್ ಉತ್ತರ ಅಮೆರಿಕದಲ್ಲಿ, ಕಂಗಾಸ್ಕಾನ್ ಆಸ್ಟ್ರೇಲಿಯಾದಲ್ಲಿ ಮಾಮೂಲಿ, ಬೇರೆಡೆ ಕಾಡಿನಲ್ಲಿ ಸಾಮಾನ್ಯವಾಗಿ ಸೊನ್ನೆ. ಅಲ್ಲಿ ನಡೆಯುವುದು ದಾಳದ ಆಟವಲ್ಲ, ಗಡಿ.

ಶೈನಿ ಎಣಿಸುವುದು

ಮ್ಯಾಪ್‌ನಲ್ಲಿ ನೋಡಿದರೆ ಶೈನಿ ಗೊತ್ತಾಗುವುದಿಲ್ಲ, ಮುಟ್ಟಿ ಒಳಗೆ ಹೋದ ಮೇಲೆಯೇ ಬಣ್ಣ ಮತ್ತು ಮಿಂಚು. ಆದ್ದರಿಂದ ಎಣಿಸಬೇಕಾದದ್ದು ಹಿಡಿದವುಗಳನ್ನಲ್ಲ, ಮುಟ್ಟಿದವುಗಳನ್ನು. ಹಿಡಿದದ್ದನ್ನು ಎಣಿಸಿದರೆ ಮಾಮೂಲಿಯದನ್ನು ನೋಡಿ ಹಾಗೇ ಬಿಟ್ಟು ಬಂದದ್ದೆಲ್ಲ ಛೇದದಿಂದ ಜಾರಿಹೋಗುತ್ತದೆ. ಶೈನಿಯನ್ನು ಯಾರೂ ಬಿಟ್ಟು ಬರುವುದಿಲ್ಲವಲ್ಲ, ಹಾಗಾಗಿ ಪ್ರಮಾಣ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಒಂದೇ ಸ್ಪಾನನ್ನು ಎರಡನೇ ಸಲ ಮುಟ್ಟಿದರೆ ಹೊಸ ಲಾಟರಿ ನಡೆಯುವುದಿಲ್ಲ. ಅದನ್ನು ಎರಡು ಅಂತ ಎಣಿಸಬೇಡಿ.

ನಡೆಯುತ್ತಾ ಒಂದೊಂದನ್ನೂ ಬರೆಯಲು ಹೋದರೆ ಆಟವೂ ಕೆಡುತ್ತದೆ, ಎಣಿಕೆಯೂ ಕೆಡುತ್ತದೆ. ಸುಲಭದ ದಾರಿ ಪೋಕೆಡೆಕ್ಸ್, ಅಂದರೆ ಆಟದೊಳಗಿನ ಜಾತಿಗಳ ಪಟ್ಟಿ. ಪ್ರತಿ ಜಾತಿಯ ಪುಟದಲ್ಲಿ ಎಷ್ಟು ನೋಡಿದ್ದೀರಿ, ಎಷ್ಟು ಹಿಡಿದಿದ್ದೀರಿ ಎಂಬ ಎರಡು ಅಂಕಿ ಇರುತ್ತವೆ. ಈವೆಂಟ್ ಶುರುವಾಗುವ ಮುನ್ನ ಆ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಮುಗಿದ ಮೇಲೆ ಇನ್ನೊಂದು. ‘ನೋಡಿದ್ದು’ ಅಂಕಿಯ ವ್ಯತ್ಯಾಸವೇ ನಿಮ್ಮ ಛೇದ. ಒಂದೇ ಷರತ್ತು: ಆ ಎರಡು ಸ್ಕ್ರೀನ್‌ಶಾಟ್‌ಗಳ ನಡುವೆ ಅದೇ ಜಾತಿ ಬೇರೆ ದಾರಿಯಿಂದ ಬರಬಾರದು. ಅದೇ ಜಾತಿಯ ರೇಡ್, ಒಡೆಯಲು ಹತ್ತಿರವಿರುವ ಮೊಟ್ಟೆ, ಟ್ರೇಡ್ (ಆಟಗಾರರ ನಡುವಿನ ವಿನಿಮಯ), ರಿಸರ್ಚ್ (ಆಟ ಕೊಡುವ ಸಣ್ಣ ಕೆಲಸ) ಬಹುಮಾನ ಇವನ್ನೆಲ್ಲ ಆಮೇಲೆ ನೋಡಿಕೊಳ್ಳಿ.

ಫೋನ್ ಪರದೆ ಮುಟ್ಟದೆ ಹಿಡಿಯಲು ಬಿಡುವ ಗೋ ಪ್ಲಸ್‌ನಂಥ ಸಾಧನ ಬಳಸುವವರ ಲೆಕ್ಕ ಬೇರೆ ಸಾಲಿನಲ್ಲಿರಲಿ. ಸಾಧನ ಒಂದೇ ಬಾಲ್ ಎಸೆಯುತ್ತದೆ. ತಪ್ಪಿಸಿಕೊಂಡರೆ ಅದು ಓಡಿಹೋಯಿತು, ಶೈನಿ ಆಗಿತ್ತೋ ಇಲ್ಲವೋ ಗೊತ್ತಾಗುವ ಬಗೆಯೇ ಇಲ್ಲ. ಕೈಯಲ್ಲಿ ಮುಟ್ಟಿದವರ ಜೊತೆ ಇದನ್ನು ಸೇರಿಸಿದರೆ ಛೇದ ಬೆಳೆಯುತ್ತದೆ, ಶೈನಿ ಬೆಳೆಯುವುದಿಲ್ಲ. ‘ಈ ಸಲ ರೇಟ್ ಇಳಿಸಿದ್ದಾರೆ’ ಅನ್ನುವ ಗಲಾಟೆ ಏಳಲು ಇಷ್ಟು ಸಾಕು.

ಶೀಟ್‌ನಲ್ಲಿ ಒಂದು ಸಾಲು ಅಂದರೆ ಒಬ್ಬ ಆಟಗಾರ, ಒಂದು ಜಾತಿ, ಒಂದು ಮೂಲ, ಒಂದು ಅವಧಿ. ಉದಾಹರಣೆಗೆ ಹೀಗೆ:

ಆಟಗಾರ 07 | ಶುರು 14:00, ಮುಗಿದದ್ದು 17:00, ಸ್ಥಳೀಯ | ಯುಟಿಸಿ ವ್ಯತ್ಯಾಸ | ಜಾತಿ | ಮೂಲ: ಕಾಡು | ಕೈಯಿಂದ | ಈವೆಂಟ್ ಹೆಸರು | ನೋಡಿದ್ದು ಮೊದಲು 1,204 | ನೋಡಿದ್ದು ನಂತರ 1,391 | ಶೈನಿ 6

187 ಎಂಬ ವ್ಯತ್ಯಾಸವನ್ನು ಆಟಗಾರ ತಾನೇ ಕಳೆದು ಬರೆಯಬಾರದು, ಶೀಟ್ ಕಳೆಯಲಿ. ಮೊದಲಿನ ಮತ್ತು ನಂತರದ ಎರಡೂ ಅಂಕಿ ಇದ್ದರೆ ಬೆರಳಚ್ಚಿನ ತಪ್ಪು ಹಿಡಿಯಬಹುದು. ಬರೀ 187 ಇದ್ದರೆ 178 ಆಗಿತ್ತೋ ಏನೋ ಯಾರಿಗೆ ಗೊತ್ತು. ಸಮಯಕ್ಕೆ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ವ್ಯತ್ಯಾಸ ಬೇಕಾಗುವುದು ಏಕೆಂದರೆ ಕಮ್ಯುನಿಟಿ ಡೇಯಂಥವು ಸ್ಥಳೀಯ ಸಮಯದಲ್ಲಿ ನಡೆಯುತ್ತವೆ, ನೆಸ್ಟ್ (ಒಂದೇ ಜಾತಿ ಹೆಚ್ಚಾಗಿ ಸಿಗುವ ಪಾರ್ಕ್‌ನಂಥ ಜಾಗ) ಬದಲಾವಣೆಯಂಥವು ಯುಟಿಸಿ ಲೆಕ್ಕದಲ್ಲಿ.

ಎಷ್ಟು ಎಣಿಸಿದರೆ ಸಾಕು

ಹೆಚ್ಚಿನ ಜಗಳ ಹುಟ್ಟುವುದು ಇಲ್ಲಿ. 512ಕ್ಕೆ ಒಂದು ಅಂದರೆ 512 ನೋಡಿದರೆ ಒಂದು ಖಾತ್ರಿ ಅಂತಲ್ಲ. 512 ನೋಡಿದ ನೂರು ಜನರಲ್ಲಿ ಸರಿಸುಮಾರು 63 ಜನರಿಗೆ ಕನಿಷ್ಠ ಒಂದು ಸಿಕ್ಕಿರುತ್ತದೆ, 37 ಜನರಿಗೆ ಒಂದೂ ಇಲ್ಲ. ಅರ್ಧಕ್ಕರ್ಧ ಸಾಧ್ಯತೆಗೆ 355 ನೋಡಬೇಕು, ನೂರಕ್ಕೆ 90ಕ್ಕೆ 1,178, ನೂರಕ್ಕೆ 99ಕ್ಕೆ 2,356. ಲೆಕ್ಕದ ಸೂತ್ರ ಇಷ್ಟೇ: ಒಂದು ಸಲ ಸಿಗದಿರುವ ಸಾಧ್ಯತೆ 511/512, ಅದನ್ನು ಎಷ್ಟು ಸಲ ನೋಡಿದಿರೋ ಅಷ್ಟು ಸಲ ತನ್ನಿಂದಲೇ ಗುಣಿಸಿ, ಬಂದದ್ದನ್ನು ಒಂದರಿಂದ ಕಳೆಯಿರಿ. ಹಿಂದಿನ ಸೋಲುಗಳನ್ನು ಆಟ ನೆನಪಿಟ್ಟುಕೊಳ್ಳುವುದಿಲ್ಲ ಎಂಬುದು ಈ ಸೂತ್ರದ ಆಧಾರ.

ಈಗ ತಿರುಗಿಸಿ ನೋಡಿ. ಗುಂಪೊಂದು 2,000 ನೋಡಿ 4 ಶೈನಿ ಪಡೆದಿದೆ. 500ಕ್ಕೆ ಒಂದು ಅಂತ ಬರೆದು ಕೈ ತೊಳೆದುಕೊಳ್ಳಲು ಮನಸ್ಸಾಗುತ್ತದೆ. ಆದರೆ 4 ಎಂಬ ಎಣಿಕೆಗೆ ನೂರಕ್ಕೆ 95ರ ಭರವಸೆಯ ವ್ಯಾಪ್ತಿ ಸುಮಾರು 1.1ರಿಂದ 10.2. ಅಂದರೆ ನಿಜವಾದ ಪ್ರಮಾಣ 195ಕ್ಕೆ ಒಂದೂ ಇರಬಹುದು, 1,800ಕ್ಕೆ ಒಂದೂ ಇರಬಹುದು. 10,000ಕ್ಕೆ 20 ಬಂದರೆ ವ್ಯಾಪ್ತಿ 324ರಿಂದ 820ರ ಆಸುಪಾಸು. 50,000ಕ್ಕೆ 100 ಬಂದರೆ 411ರಿಂದ 614. ಒಟ್ಟು ನೋಡಿದ್ದು ಎಷ್ಟು ಅನ್ನುವುದಕ್ಕಿಂತ ಎಷ್ಟು ಶೈನಿ ಬಂದಿವೆ ಅನ್ನುವುದೇ ವ್ಯಾಪ್ತಿಯ ಅಗಲವನ್ನು ತೀರ್ಮಾನಿಸುತ್ತದೆ. ಹತ್ತಕ್ಕಿಂತ ಕಡಿಮೆ ಶೈನಿ ಇರುವ ಶೀಟ್‌ನಿಂದ ರೇಟ್ ಘೋಷಿಸುವವರನ್ನು ನಂಬಬೇಡಿ.

ಒಂದೂ ಸಿಗದಿದ್ದಾಗಲೂ ಹೇಳಲು ಒಂದು ಮಾತಿದೆ. ನೋಡಿದ ಸಂಖ್ಯೆಯನ್ನು 3ರಿಂದ ಭಾಗಿಸಿ. 1,500 ನೋಡಿ ಸೊನ್ನೆ ಬಂದಿದ್ದರೆ ಪ್ರಮಾಣ 500ಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಅಂತ ನೂರಕ್ಕೆ 95ರ ಭರವಸೆಯಿಂದ ಹೇಳಬಹುದು. ಇದು ಶೈನಿಯನ್ನು ಇನ್ನೂ ಬಿಟ್ಟೇ ಇಲ್ಲವೇ ಅನ್ನುವ ಅನುಮಾನ ಬಂದಾಗ ಉಪಯೋಗಕ್ಕೆ ಬರುತ್ತದೆ.

ಹಾಗಂತ ಎಲ್ಲದಕ್ಕೂ ಐವತ್ತು ಸಾವಿರ ಬೇಕಿಲ್ಲ. ಈವೆಂಟ್‌ನಲ್ಲಿ ಪ್ರಮಾಣ 64ಕ್ಕೆ ಒಂದಕ್ಕೆ ಏರಿದೆಯೋ ಅಥವಾ 512ರಲ್ಲೇ ಇದೆಯೋ ಅನ್ನುವ ಪ್ರಶ್ನೆಗೆ 300 ನೋಡಿದರೂ ಸಾಕು. ಏರಿದ್ದರೆ ನಾಲ್ಕೈದು ನಿರೀಕ್ಷಿತ, ಒಂದೂ ಬರದಿರುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ. ಏರದಿದ್ದರೆ ನಾಲ್ಕು ಬರುವುದು ಸಾವಿರಕ್ಕೆ ಮೂರು ಸಲದ ಮಾತು. ನಡುವೆ ಒಂದೋ ಎರಡೋ ಬಂದರೆ ಇನ್ನಷ್ಟು ಎಣಿಸಿ. ಆದರೆ 512 ಹೌದೋ 450 ಹೌದೋ ಅಂತ ಸಣ್ಣ ಗುಂಪು ತಲೆ ಕೆಡಿಸಿಕೊಳ್ಳುವುದು ವ್ಯರ್ಥ.

ಹಲವರ ಲೆಕ್ಕ ಕೂಡಿಸುವಾಗ ಶೇಕಡಾವಾರುಗಳ ಸರಾಸರಿ ತೆಗೆಯಲೇಬೇಡಿ. ಒಬ್ಬರಿಗೆ 10ರಲ್ಲಿ 1, ಇನ್ನೊಬ್ಬರಿಗೆ 400ರಲ್ಲಿ 0, ಮತ್ತೊಬ್ಬರಿಗೆ 590ರಲ್ಲಿ 2. ಮೂವರ ಶೇಕಡಾವಾರು ಕೂಡಿಸಿ ಮೂರರಿಂದ ಭಾಗಿಸಿದರೆ 29ಕ್ಕೆ ಒಂದು ಅಂತ ಬರುತ್ತದೆ. ಒಟ್ಟು ಶೈನಿಯನ್ನು ಒಟ್ಟು ನೋಡಿದ್ದರಿಂದ ಭಾಗಿಸಿದರೆ 333ಕ್ಕೆ ಒಂದು. ಹತ್ತನ್ನೇ ನೋಡಿ ಅದೃಷ್ಟ ಖುಲಾಯಿಸಿದವರೊಬ್ಬರು ಇಡೀ ಶೀಟನ್ನು ಹೊತ್ತೊಯ್ದ ಲೆಕ್ಕ ಅದು.

ಶೀಟ್ ಸೋರುತ್ತಿದೆಯೇ ಅಂತ ಪರೀಕ್ಷಿಸುವುದು

ಶೈನಿ ಪ್ರಮಾಣ ನಮಗೆ ಗೊತ್ತಿಲ್ಲ, ಅದಕ್ಕೇ ಎಣಿಸುತ್ತಿದ್ದೇವೆ. ಆದರೆ ಐವಿ, ಅಂದರೆ ಪ್ರತಿ ಪೋಕೆಮಾನ್‌ಗೂ ಇರುವ ಬಲದ ಅಂಕಿಗಳ, ಲೆಕ್ಕ ಕೂತಲ್ಲೇ ಮಾಡಬಹುದಾದದ್ದು. ದಾಳಿ, ರಕ್ಷಣೆ, ಎಚ್‌ಪಿ (ಜೀವಬಲ) ಮೂರಕ್ಕೂ 0ರಿಂದ 15ರವರೆಗೆ, ಅಂದರೆ 16 ಬೆಲೆಗಳು. 16 × 16 × 16 = 4,096; ಕಾಡಿನಲ್ಲಿ ಹಂಡೋ ಸಿಗುವುದು 4,096ಕ್ಕೆ ಒಂದು. ಹವಾಮಾನದ ಬೂಸ್ಟ್ ಇದ್ದರೆ ಕನಿಷ್ಠ 4, ಹಾಗಾಗಿ 12 ಬೆಲೆಗಳು, 1,728ಕ್ಕೆ ಒಂದು. ರೇಡ್, ಮೊಟ್ಟೆ, ರಿಸರ್ಚ್‌ಗೆ ಕನಿಷ್ಠ 10, ಆರು ಬೆಲೆಗಳು, 216ಕ್ಕೆ ಒಂದು. ಲಕ್ಕಿ ಟ್ರೇಡ್ ಎಂಬ ಅದೃಷ್ಟದ ವಿನಿಮಯಕ್ಕೆ ಕನಿಷ್ಠ 12, 64ಕ್ಕೆ ಒಂದು.

ಗೊತ್ತಿರುವ ಈ ಪ್ರಮಾಣವನ್ನು ಶೀಟ್‌ನ ಪ್ರಾಮಾಣಿಕತೆ ಅಳೆಯಲು ಬಳಸಿ. ಸದಸ್ಯರೆಲ್ಲ ತಮ್ಮ ರೇಡ್ ಬಾಸ್‌ಗಳ ಮೂರೂ ಐವಿ ಬರೆಯಲಿ, ಅಪ್ರೈಸಲ್ ಎಂಬ ಆಟದೊಳಗಿನ ಮೌಲ್ಯಮಾಪನದಲ್ಲಿ ಮೂರು ಪಟ್ಟಿಗಳನ್ನು ನೋಡಿ ಓದಬಹುದು. 10ರಿಂದ 15ರ ಸರಾಸರಿ 12.5, ಮೂರೂ ಸೇರಿ 37.5. ಇನ್ನೂರು ನಮೂದುಗಳಿದ್ದರೆ ಸರಾಸರಿ ಮೊತ್ತ 37.1ರಿಂದ 37.9ರೊಳಗೆ ಬರಬೇಕು. 38.5 ಬಂತೇ? ಆಟ ಬದಲಾಗಿಲ್ಲ, ಜನ ಚೆನ್ನಾಗಿರುವುದನ್ನು ಮಾತ್ರ ಬರೆಯುತ್ತಿದ್ದಾರೆ. ಹಂಡೋಗಳ ಸಂಖ್ಯೆಯನ್ನು ನೋಡಿ ಇದನ್ನು ಪತ್ತೆ ಮಾಡಲು ಸಾವಿರಗಟ್ಟಲೆ ನಮೂದು ಬೇಕು, ಸರಾಸರಿಗೆ ಇನ್ನೂರು ಸಾಕು. ಕಣ್ಣಿಗೆ ರಾಚುವ ತಪ್ಪುಗಳೂ ಇರುತ್ತವೆ: ರೇಡ್‌ನ ಕನಿಷ್ಠ ಮೊತ್ತ 30, ಅಪ್ರೈಸಲ್‌ನಲ್ಲಿ ಅದು ಎರಡು ಸ್ಟಾರ್. ರೇಡ್ ಸಾಲಿನಲ್ಲಿ ಒಂದು ಸ್ಟಾರ್ ಕಂಡರೆ ಯಾರೋ ಮೂಲದ ಕಾಲಂ ತಪ್ಪು ತುಂಬಿದ್ದಾರೆ. ಶ್ಯಾಡೋ ರೇಡ್ ಎಂಬ ಇನ್ನೊಂದು ಬಗೆಯ ರೇಡ್‌ಗಳ ಕನಿಷ್ಠ ಬೇರೆ, ಅವನ್ನು ಇದರಲ್ಲಿ ಸೇರಿಸಬೇಡಿ.

ಸೋರಿಕೆ ನಿಲ್ಲಿಸಲು ಇರುವ ಮದ್ದು ಒಂದೇ. ಈವೆಂಟ್‌ಗೆ ಮುಂಚೆಯೇ ಹೆಸರು ಬರೆಸಿಕೊಳ್ಳಿ. ಮುಗಿದ ಮೇಲೆ ಪಟ್ಟಿ ಹಿಡಿದು, ಅಂಕಿ ಕೊಡದವರ ಬೆನ್ನು ಹತ್ತಿ. ಏನೂ ಸಿಗದವರೇ ಸುಮ್ಮನಾಗುವವರು, ಲೆಕ್ಕಕ್ಕೆ ಬೇಕಾದದ್ದೂ ಅವರದೇ. ಕೊನೆಗೂ ಕೊಡದವರು ಎಷ್ಟು ಜನ ಅನ್ನುವುದನ್ನು ಫಲಿತಾಂಶದ ಪಕ್ಕದಲ್ಲೇ ಬರೆಯಿರಿ.

ಇನ್ನೊಂದು ಸೂಕ್ಷ್ಮ. ಇಬ್ಬರು ಒಟ್ಟಿಗೆ ನಡೆಯುತ್ತಾ ಒಂದೇ ಸ್ಪಾನ್ ಮುಟ್ಟಿದರೆ ಶೈನಿಗೆ ಅದು ಎರಡು ಪ್ರತ್ಯೇಕ ಪ್ರಯತ್ನ, ಏಕೆಂದರೆ ಶೈನಿ ಆಟಗಾರರಿಂದ ಆಟಗಾರರಿಗೆ ಬೇರೆ. ಆದರೆ ಮೇಲಿನ ಲೆವೆಲ್‌ನ ಆಟಗಾರರಿಗೆ ಒಂದೇ ಕಾಡು ಸ್ಪಾನ್‌ನ ಐವಿ ಒಂದೇ ಆಗಿರುತ್ತದೆ. ಹತ್ತು ಜನರ ತಂಡ ಒಂದು ಹಂಡೋ ಹಿಡಿದರೆ ಅದು ಹತ್ತು ಹಂಡೋ ಅಲ್ಲ, ಒಂದು. ಐವಿ ಶೀಟ್‌ನಲ್ಲಿ ಸ್ಥಳ, ನಿಮಿಷ, ಜಾತಿ ಮೂರೂ ಕೂಡಿದ ಸಾಲುಗಳನ್ನು ಒಂದೇ ಅಂತ ಹಿಡಿಯಿರಿ.

ಸ್ಪಾನ್ ಎಣಿಸುವುದು

ಶೈನಿಗಿಂತ ಇದು ಕಷ್ಟ. ಸ್ಪಾನ್‌ಗಳು ನಿಗದಿತ ಬಿಂದುಗಳಲ್ಲಿ ಹುಟ್ಟುತ್ತವೆ, ಪ್ರತಿ ಬಿಂದುವೂ ಗಂಟೆಯ ಒಂದು ನಿರ್ದಿಷ್ಟ ನಿಮಿಷದಲ್ಲಿ ಚಾಲೂ ಆಗುತ್ತದೆ, ಹೆಚ್ಚಿನವು ಅರ್ಧ ಗಂಟೆ ಇರುತ್ತವೆ. ಹೀಗಾಗಿ ಒಂದೇ ದಾರಿಯನ್ನು ಗಂಟೆಯ ಬೇರೆ ಬೇರೆ ಹೊತ್ತಿನಲ್ಲಿ ನಡೆದರೆ ಬೇರೆ ಬೇರೆ ಬಿಂದುಗಳು ಸಿಗುತ್ತವೆ. ಹೋಲಿಸಬೇಕಾದರೆ ದಾರಿಯೂ ಒಂದೇ ಇರಲಿ, ಹೊರಡುವ ನಿಮಿಷವೂ ಒಂದೇ ಇರಲಿ. ಬೇಕಾದ ಜಾತಿಯನ್ನಷ್ಟೇ ಅಲ್ಲ, ಕಂಡದ್ದನ್ನೆಲ್ಲ ಎಣಿಸಿ. ಪರದೆಯ ರೆಕಾರ್ಡಿಂಗ್ ಹಾಕಿಕೊಂಡು ನಡೆದು ಆಮೇಲೆ ಎಣಿಸುವುದು ಎಲ್ಲಕ್ಕಿಂತ ನೆಮ್ಮದಿ. ಹತ್ತಿರದವನ್ನು ಆಟ ತೋರಿಸುವ ನಿಯರ್‌ಬೈ ಪಟ್ಟಿಯಿಂದ ಎಣಿಸಬೇಡಿ, ಅದರಲ್ಲಿ ಎಲ್ಲವೂ ಬರುವುದಿಲ್ಲ.

ಪೋಕೆಮಾನ್ ಸೆಳೆಯಲು ಲ್ಯೂರ್ ಹಾಕಿದ ಸ್ಟಾಪ್ (ಮ್ಯಾಪ್‌ನಲ್ಲಿ ಐಟಂ ಕೊಡುವ ಜಾಗ), ಆಟಗಾರರ ಹತ್ತಿರಕ್ಕೇ ಸೆಳೆಯುವ ಇನ್ಸೆನ್ಸ್ ಎರಡೂ ಬೇರೆ ಮೂಲಗಳು, ಬೇರೆ ಸಾಲುಗಳು. ನೆಸ್ಟ್ ಇರುವ ಪಾರ್ಕ್ ನಿಮ್ಮ ದಾರಿಯಲ್ಲಿದ್ದರೆ ಆ ತುಂಡನ್ನು ಪ್ರತ್ಯೇಕಿಸಿ. ಎರಡು ವಾರಕ್ಕೊಮ್ಮೆ, ಗುರುವಾರ ಯುಟಿಸಿ 00:00ಕ್ಕೆ ನೆಸ್ಟ್‌ನ ಜಾತಿ ಬದಲಾಗುತ್ತದೆ. ಅದನ್ನು ಸೇರಿಸಿ ಎಣಿಸಿದರೆ ಯಾವುದೋ ಮಾಮೂಲಿ ಜಾತಿ ಇದ್ದಕ್ಕಿದ್ದಂತೆ ಇಮ್ಮಡಿಯಾದಂತೆ ಕಾಣುತ್ತದೆ. ಹವಾಮಾನ ಗಂಟೆಗೊಮ್ಮೆ ಬದಲಾಗಬಹುದು, ಅದರ ಜೊತೆ ಕಾಣುವ ಜಾತಿಗಳೂ. ಸಾಲು ಒಂದು ಗಂಟೆ ದಾಟದಿರಲಿ.

ಸ್ಥಳ ಬರೆಯುವಾಗ ಅಕ್ಷಾಂಶ ರೇಖಾಂಶಗಳನ್ನು ಎರಡು ದಶಮಾಂಶಕ್ಕೆ ಕತ್ತರಿಸಿ. ಅಕ್ಷಾಂಶದ 0.01 ಡಿಗ್ರಿ ಸುಮಾರು 1.1 ಕಿಲೋಮೀಟರ್, ಹೋಲಿಕೆಗೆ ಅಷ್ಟು ಸಾಕು, ಹಂಚಿಕೊಂಡ ಶೀಟ್‌ನಿಂದ ನಿಮ್ಮ ಮನೆ ಬಾಗಿಲು ಯಾರಿಗೂ ಸಿಗುವುದಿಲ್ಲ. ಭೂಪಟವನ್ನು ತುಂಡು ಮಾಡಲು ಆಟ ಒಳಗೊಳಗೆ ಬಳಸುವ ಎಸ್-2 ಚೌಕಗಳ ಹೆಸರಿನಲ್ಲೇ ಬರೆಯುವವರು 13ನೇ ಮಟ್ಟದ ಚೌಕ ಬಳಸಿ, ಸರಾಸರಿ 1.27 ಚದರ ಕಿಲೋಮೀಟರ್.

ಮ್ಯಾಪನ್ನು ತಾವಾಗಿ ಜಾಲಾಡುವ ಸ್ಕ್ಯಾನರ್ ಬಾಟ್‌ಗಳಿಂದ ಇದೆಲ್ಲ ಒಂದು ಗಂಟೆಯ ಕೆಲಸ ಅನ್ನುವವರು ಇದ್ದಾರೆ. ಅದು ಆಟದ ನಿಯಮಕ್ಕೆ ವಿರುದ್ಧ, ಖಾತೆ ಹೋಗುತ್ತದೆ. 2016ರ ಜುಲೈ ಕೊನೆಗೆ ಪೋಕೆಮಾನ್ ಎಲ್ಲೆಲ್ಲಿವೆ ಅಂತ ತೋರಿಸುತ್ತಿದ್ದ ಪೋಕೆವಿಷನ್ ತಾಣ ಮುಚ್ಚಿದ ಕಾಲದಿಂದಲೂ ಇದೇ ಕಥೆ.

ಸ್ಟಾಪ್, ಪೋರ್ಟಲ್, ಮೊಟ್ಟೆ

ಸ್ಟಾಪ್ ತಿರುಗಿಸಿದರೆ ಒಂದೇ ಸಲಕ್ಕೆ ಹಲವು ಐಟಂ ಬರುತ್ತವೆ. ಛೇದ ಐಟಂಗಳಲ್ಲ, ತಿರುಗಿಸಿದ ಸಲಗಳು. ವಿಕಾಸದ ಐಟಂಗಳನ್ನು ಎಣಿಸುವವರು ಸತತ ಏಳನೇ ದಿನದ ತಿರುವನ್ನು ಬಿಟ್ಟುಬಿಡಿ, ಅದು ಲಾಟರಿಯಲ್ಲ, ಬಹುಮಾನ. ಬ್ಯಾಗ್ ತುಂಬಿದ್ದಾಗಿನ ತಿರುವೂ ಲೆಕ್ಕಕ್ಕಿಲ್ಲ.

ಪೋರ್ಟಲ್ ಎಂಬ ಜಾಗಗಳನ್ನು ‘ಹ್ಯಾಕ್’ ಮಾಡಿ ಐಟಂ ಪಡೆಯುವ ಇನ್ನೊಂದು ನಡೆದಾಡುವ ಆಟ ಇಂಗ್ರೆಸ್‌ನಲ್ಲಿ ಕಾಮನ್, ರೇರ್, ವೆರಿ ರೇರ್ ಎಂಬ ಹಣೆಪಟ್ಟಿ ಐಟಂ ಮೇಲೆಯೇ ಇರುತ್ತದೆ. ಆದರೆ ಅದು ಪ್ರಮಾಣವಲ್ಲ. ಒಂದೇ ಹಣೆಪಟ್ಟಿಯ ಎರಡು ಐಟಂಗಳು ಸಮನಾಗಿ ಸಿಗಬೇಕು ಅಂತೇನಿಲ್ಲ. ಅಲ್ಲಿಯೂ ಛೇದ ಹ್ಯಾಕ್‌ಗಳ ಸಂಖ್ಯೆ, ಏನೂ ಬಾರದ ಹ್ಯಾಕ್‌ಗಳೂ ಸೇರಿ. ಪೋರ್ಟಲ್‌ನ ಮಟ್ಟ, ನಿಮ್ಮ ಮಟ್ಟ, ಪೋರ್ಟಲ್ ಯಾವ ಪಕ್ಷದ್ದು, ಗ್ಲಿಫ್ ಹ್ಯಾಕ್ (ಚಿಹ್ನೆ ಬಿಡಿಸಿ ಮಾಡುವ ಹ್ಯಾಕ್) ಹೌದೋ ಅಲ್ಲವೋ ಈ ನಾಲ್ಕು ಕಾಲಂ ಇಲ್ಲದೆ ಶುರು ಮಾಡಬೇಡಿ. ಮಾಡ್ (ಪೋರ್ಟಲ್‌ಗೆ ಹಾಕುವ ಹೆಚ್ಚುವರಿ ಉಪಕರಣ) ಇಲ್ಲದ ಪೋರ್ಟಲ್‌ನಲ್ಲಿ ಐದು ನಿಮಿಷಕ್ಕೊಂದರಂತೆ ನಾಲ್ಕು ಹ್ಯಾಕ್ ಆದ ಮೇಲೆ ಅದು ಸುಟ್ಟುಹೋಗುತ್ತದೆ, ಅಂದರೆ ಕೆಲಕಾಲ ಹ್ಯಾಕ್ ಮಾಡಲಾಗುವುದಿಲ್ಲ, ಹಾಗಾಗಿ ದೊಡ್ಡ ಎಣಿಕೆಗೆ ಹೀಟ್ ಸಿಂಕ್, ಮಲ್ಟಿ ಹ್ಯಾಕ್ ಎಂಬ ಮಾಡ್ ಹಾಕಿದ ಪೋರ್ಟಲ್‌ಗಳೇ ಅನುಕೂಲ.

ಮೊಟ್ಟೆಯಲ್ಲಿ ಎಲ್ಲರೂ ಎಡವುವ ಜಾಗ ದಿನಾಂಕ. ಒಳಗಿರುವ ಜಾತಿ ತೀರ್ಮಾನವಾಗುವುದು ಮೊಟ್ಟೆ ಕೈಗೆ ಬಂದಾಗ, ಒಡೆದಾಗಲ್ಲ. ಈವೆಂಟ್ ಶುರುವಾದ ಮೇಲೆ ಒಡೆದ ಹಳೆಯ ಮೊಟ್ಟೆಯಿಂದ ಈವೆಂಟ್‌ನ ಜಾತಿ ಬರಲಿಲ್ಲ ಅಂತ ದೂರುವುದರಲ್ಲಿ ಅರ್ಥವಿಲ್ಲ, ಅದನ್ನು ಈವೆಂಟ್ ಶೀಟ್‌ಗೆ ಸೇರಿಸುವುದರಲ್ಲಂತೂ ಇನ್ನೂ ಇಲ್ಲ. ಮೊಟ್ಟೆ ಸಿಕ್ಕ ದಿನ, ದೂರ, ಸ್ಟಾಪ್‌ನಿಂದ ಬಂತೋ ಗಿಫ್ಟ್‌ನಿಂದ ಬಂತೋ ಅನ್ನುವುದನ್ನು ಸಿಕ್ಕಾಗಲೇ ಬರೆದಿಡಿ. 2020ರ ಡಿಸೆಂಬರ್‌ನಿಂದ ಸೀಸನ್‌ಗಳು ಬಂದಿವೆ, ಸುಮಾರು ಮೂರು ತಿಂಗಳಿಗೊಮ್ಮೆ ಕಾಡಿನ ಸ್ಪಾನ್, ಮೊಟ್ಟೆ ಎರಡೂ ಬದಲಾಗುತ್ತವೆ. ಸೀಸನ್ ಬದಲಾದ ದಿನ ಹಳೆಯ ಶೀಟ್ ಮುಚ್ಚಿ ಹೊಸದು ತೆರೆಯಿರಿ. ಇನ್ಕ್ಯುಬೇಟರ್‌ನಲ್ಲಿ ಉಳಿದ ಹಳೆಯ ಮೊಟ್ಟೆಗಳು ಯಾವಾಗ ಒಡೆದರೂ ಹಳೆಯ ಶೀಟ್‌ಗೇ ಹೋಗಲಿ.